ಎಪ್ಪತ್ತಮೂರನೆಯ ಚೀಟಿ

ಅಧ್ಯಕ್ಷೆ ಬಿಳಿ ಹಲಗೆಯ ಮೇಲೆ ಎಪ್ಪತ್ತಮೂರು ಎಂದು ಬರೆದು ಅದರ ಸುತ್ತ ಗೆರೆ ಎಳೆದಾಗ ಪಟ್ಟಿಯಕ್ಕ ಎರಡನೆಯ ಸಾಲಿನಲ್ಲಿ ಕೂತು ಬಿಸ್ಕತ್ತನ್ನು ಚಹಾಕ್ಕೆ ಅದ್ದುತ್ತಿದ್ದಳು. ಅದ್ದಿದ ಕೈ ಅಲ್ಲೇ ನಿಂತಿತು. ಬಿಸ್ಕತ್ತು ನೆನೆದು ಮೆತ್ತಗಾಗಿ, ಅರ್ಧಕ್ಕೆ ಕಳಚಿಕೊಂಡು ಲೋಟದ ತಳ ಸೇರಿತು.

"ಮುಂದಿನ ಎರಡು ವರ್ಷದ ಕೆಲಸಗಳಲ್ಲಿ ಇದು ಮೊದಲನೇದು," ಎಂದಳು ಅಧ್ಯಕ್ಷೆ, ಪೆನ್ನಿನ ಮುಚ್ಚಳವನ್ನು ಹಲ್ಲಲ್ಲಿ ಕಚ್ಚಿಕೊಂಡೇ. "ಕೊಕ್ಕರೆ ಮೇಷ್ಟ್ರ ಹೊಸ ಚೀಟಿ. ಸಾಲಿನಲ್ಲಿ ಮುಂದಿನ ನಂಬರು ಎಪ್ಪತ್ತಮೂರು, ಅದನ್ನೇ ಕೊಡೋಣ ಅಂತ. ಈಗ ಹದಿನೈದು ನಿಮಿಷ ಬಿಡುವು. ಹದಿನೈದು ಅಂದ್ರೆ ಹದಿನೈದು. ನಿನ್ನೆ ಥರ ಬಾಗಿಲ ಹತ್ರ ನಿಂತು ಸಂತೆ ಮಾಡ್ಬೇಡಿ."

ಮೂವತ್ತು ನಲವತ್ತು ಕುರ್ಚಿಗಳು ಒಟ್ಟಿಗೆ ಹಿಂದಕ್ಕೆ ಸರಿದವು. ಪಟ್ಟಿಯಕ್ಕ ಮಾತ್ರ ಲೋಟ ಹಿಡಿದು ಹಲಗೆಯನ್ನೇ ನೋಡುತ್ತ ಕೂತಳು. ಹೋಗುವವರಲ್ಲಿ ಇಬ್ಬರು ಮೂವರು "ಏನಕ್ಕಾ, ನಂಬರು ಸರಿಯಾಗಿದೆಯಾ? ನೀವು ಒಪ್ಪಿದ್ರೆ ನಾವೂ ಒಪ್ಪಿದ ಹಾಗೆ," ಎಂದು ನಗುತ್ತ ದಾಟಿದರು. ಅವಳಿಗೆ ಆ ಅಡ್ಡಹೆಸರು ಬಂದದ್ದೇ ಆ ಕಾರಣಕ್ಕೆ. ಈ ಗುಂಪು ಕೊಟ್ಟ ನಂಬರುಗಳ ಪಟ್ಟಿಯನ್ನು ಅವಳಷ್ಟು ಕಣ್ಣಲ್ಲಿ ಕಣ್ಣಿಟ್ಟು ಕಾದವರು ಬೇರೆ ಇರಲಿಲ್ಲ.

ಗುಂಪಿನ ಕೆಲಸ ಹೊರಗಿನವರಿಗೆ ಹೇಳಿದರೆ ಇಷ್ಟೇ. ಲೋಕದ ಇಂಟರ್ನೆಟ್ ಎನ್ನುವುದು ಒಂದು ಜಾಲವಲ್ಲ, ಸಾವಿರಾರು ಜಾಲಗಳ ನೆರೆಹೊರೆ. ಒಂದು ಜಾಲದ ಅಂಚಿನಲ್ಲಿರುವ ರೂಟರ್ ಪೆಟ್ಟಿಗೆ ಪಕ್ಕದ ಜಾಲದ ಪೆಟ್ಟಿಗೆಗೆ "ಇಂಥ ಊರಿಗೆ ನನ್ನ ಮೂಲಕ ದಾರಿ ಇದೆ" ಎಂದು ಸುದ್ದಿ ಕಳಿಸುತ್ತದೆ, ಅದು ತನ್ನ ಪಕ್ಕದ್ದಕ್ಕೆ ಹೇಳುತ್ತದೆ, ಹೀಗೆ ಬಾಯಿಂದ ಬಾಯಿಗೆ ದಾರಿಯ ಸುದ್ದಿ ಲೋಕ ಸುತ್ತುತ್ತದೆ. ಆ ಸುದ್ದಿಯ ಜೊತೆ ಕೆಲವು ಚೀಟಿಗಳನ್ನು ಅಂಟಿಸಿ ಕಳಿಸಬಹುದು. ದಾರಿ ದೂರದ್ದೋ ಹತ್ತಿರದ್ದೋ, ಯಾರ್‍ಯಾರ ಅಂಗಳ ದಾಟಿ ಬಂತು, ಅಂಥವು. ಪ್ರತಿಯೊಂದು ಬಗೆಯ ಚೀಟಿಗೂ ಒಂದು ನಂಬರು. ನಂಬರು ನೋಡಿಯೇ ಪೆಟ್ಟಿಗೆ ಒಳಗಿನದನ್ನು ಓದುತ್ತದೆ. ಒಂದೇ ನಂಬರನ್ನು ಇಬ್ಬರು ಬೇರೆ ಬೇರೆ ಮಾತಿಗೆ ಬಳಸಿದರೆ ಪೆಟ್ಟಿಗೆಗೆ ಗಾಬರಿಯಾಗುತ್ತದೆ. ಹಳೆಯ ಪೆಟ್ಟಿಗೆಗಳಂತೂ ಮುಖ ಮುರಿದುಕೊಂಡು ನೆರೆಯವನ ಜೊತೆ ಮಾತನ್ನೇ ಬಿಟ್ಟುಬಿಡುತ್ತವೆ. ಮಾತು ಬಿಟ್ಟರೆ ದಾರಿಯಿಲ್ಲ, ದಾರಿಯಿಲ್ಲದಿದ್ದರೆ ಆ ಊರುಗಳಿಗೆ ಇಂಟರ್ನೆಟ್ಟೇ ಇಲ್ಲ.

ಪಟ್ಟಿಯಕ್ಕ ಲೋಟವನ್ನು ಕುರ್ಚಿಯ ಕೆಳಗಿಟ್ಟು ಎದ್ದಳು. ಸಭೆ ನಡೆಯುತ್ತಿದ್ದದ್ದು ಪುರಸಭೆಯ ಗ್ರಂಥಾಲಯದ ಮೇಲಂತಸ್ತಿನಲ್ಲಿ. ಹಿಂದಿನ ಮೆಟ್ಟಿಲು ಇಳಿದರೆ ಸೈಕಲ್ಲು ನಿಲ್ಲಿಸುವ ಅಂಗಳ. ಅಲ್ಲಿ ವ್ಯಾನಿನ ಬಾಗಿಲು ತೆರೆದು, ಕಾಲು ಹೊರಗೆ ಬಿಟ್ಟು, ಅವಳ ಭಾವ ಕಿತ್ತಳೆ ಸುಲಿಯುತ್ತ ಕೂತಿದ್ದ.

ಭಾವ ಎಂದರೆ ಗಂಡನ ಅಣ್ಣ. ಬೆಟ್ಟದ ಮೇಲಿನ ನಲವತ್ತೆರಡು ಹಳ್ಳಿಗಳಿಗೆ ಜಾಲ ಒದಗಿಸುವ ಸಹಕಾರ ಸಂಘದಲ್ಲಿ ಅವಳು ಪೆಟ್ಟಿಗೆಗಳಿಗೆ ಬುದ್ಧಿ ತುಂಬುವವಳಾದರೆ, ಅವನು ಕಂಬ ಹತ್ತಿ ಅವುಗಳನ್ನು ಕಟ್ಟುವವನು. ಅರವತ್ತರ ಹತ್ತಿರ ಬಂದಿದ್ದರೂ ಏಣಿ ಕಂಡರೆ ಅವನ ಕಾಲು ಸುಮ್ಮನಿರುತ್ತಿರಲಿಲ್ಲ.

"ಭಾವ, ಬಂತು," ಎಂದಳು.

"ಏನು ಬಂತು? ಊಟವಾ?"

"ಎಪ್ಪತ್ತಮೂರು."

ಭಾವ ಸುಲಿಯುವುದನ್ನು ನಿಲ್ಲಿಸಿದ. ಸಿಪ್ಪೆಯ ಒಂದು ಸುರುಳಿ ಅವನ ಬೆರಳಿಂದ ಜೋತಾಡುತ್ತಿತ್ತು. "ಇನ್ನೂ ಎರಡು ವರ್ಷ ಇದೆ ಅಂದಿದ್ದೆಯಲ್ಲ ತಾಯಿ?"

"ಅಂದ್ಕೊಂಡಿದ್ದೆ. ಎಪ್ಪತ್ತೆರಡು ಕೊಟ್ಟು ನಾಲ್ಕು ತಿಂಗಳಾಗಿದೆ ಅಷ್ಟೆ. ಇಷ್ಟು ಬೇಗ ಯಾರು ಕೇಳ್ತಾರೆ ಅಂತ ಇದ್ದೆ."

ಈ ವಿಷಯ ಲೋಕದಲ್ಲಿ ಗೊತ್ತಿದ್ದದ್ದು ಈ ಇಬ್ಬರಿಗೇ. ಹನ್ನೊಂದು ವರ್ಷದ ಹಿಂದೆ ಗುಡ್ಡ ಜರಿದು ಸಂಘದ ಕೇಬಲ್ಲನ್ನು ಎಳೆದುಕೊಂಡು ಹೋಗಿತ್ತು. ಹನ್ನೆರಡು ದಿನ ಮೇಲಿನ ಹಳ್ಳಿಗಳಿಗೆ ಹೊರಗಿನ ಮಾತಿರಲಿಲ್ಲ. ಭಾವ ಕಂಬದಿಂದ ಕಂಬಕ್ಕೆ ರೇಡಿಯೋ ಕಟ್ಟಿ ತಾತ್ಕಾಲಿಕ ದಾರಿ ಮಾಡಿದ. ಆದರೆ ಪೆಟ್ಟಿಗೆಗಳು ಆ ಸಣ್ಣ ದಾರಿಯನ್ನೂ, ತೇಪೆ ಹಾಕಿದ ಮೇಲೂ ಆಗಾಗ ಜೀವ ಬಂದು ಹೋಗುತ್ತಿದ್ದ ಹಳೆಯ ಕೇಬಲ್ಲನ್ನೂ ನಂಬಿ ನಿಮಿಷಕ್ಕೊಂದು ಸಲ ಮನಸ್ಸು ಬದಲಿಸುತ್ತಿದ್ದವು. ಆಗ ಪಟ್ಟಿಯಕ್ಕ ಒಂದು ಮಧ್ಯಾಹ್ನ ಕೂತು ತಾನೇ ಒಂದು ಹೊಸ ಚೀಟಿ ಮಾಡಿದಳು. "ಈ ದಾರಿ ಗಾಳಿಯಲ್ಲಿ ಬಂದದ್ದು, ಗಟ್ಟಿ ದಾರಿ ಇದ್ದರೆ ಅದನ್ನೇ ಹಿಡಿ" ಎನ್ನುವ ಚೀಟಿ. ಅದಕ್ಕೊಂದು ನಂಬರು ಬೇಕಿತ್ತು. ಪ್ರಯೋಗಕ್ಕೆಂದು ಬಿಟ್ಟಿದ್ದ ನಂಬರನ್ನು ಆ ಹಳೆಯ ಪೆಟ್ಟಿಗೆಗಳು ಮೂಸಿಯೂ ನೋಡದೆ ಎಸೆಯುತ್ತಿದ್ದವು. ಗುಂಪಿಗೆ ಬರೆದು ಕೇಳಿ, ಅವರು ಚರ್ಚಿಸಿ, ಕೊಡುವ ಹೊತ್ತಿಗೆ ವರ್ಷ ಕಳೆಯುತ್ತಿತ್ತು. ಅವಳು ಕೂತಿದ್ದ ಕಂಬದ ಬುಡದಲ್ಲಿ ಬಣ್ಣದಲ್ಲಿ ಬರೆದಿದ್ದ ಸಂಖ್ಯೆ ಎಪ್ಪತ್ತಮೂರು. ಗುಂಪಿನ ಪಟ್ಟಿ ಆಗಿನ್ನೂ ಐವತ್ತೊಂದರಲ್ಲಿತ್ತು. ಎಪ್ಪತ್ತಮೂರು ಯಾರೂ ಬೇಲಿ ಹಾಕದ ಬಯಲಿನಂತೆ ದೂರದಲ್ಲಿ ಖಾಲಿ ಬಿದ್ದಿತ್ತು. ಮುಂದಿನ ವಾರ ಸರಿ ಮಾಡಿದರಾಯಿತು ಎಂದು ಅದನ್ನೇ ಹಾಕಿದಳು.

ಅದು ಎಷ್ಟು ಚೆನ್ನಾಗಿ ಕೆಲಸ ಮಾಡಿತೆಂದರೆ ಮುಂದಿನ ವಾರ ಬರಲೇ ಇಲ್ಲ. ನೂರಾ ಹದಿನಾಲ್ಕು ಪೆಟ್ಟಿಗೆಗಳಲ್ಲಿ ಅದು ಬೇರು ಬಿಟ್ಟಿತು. ಪೆಟ್ಟಿಗೆ ಮಾಡಿದ ಕಾರ್ಖಾನೆ ಬಾಗಿಲು ಹಾಕಿಕೊಂಡ ಮೇಲೆ ದೂರದಿಂದ ಅವುಗಳನ್ನು ತಿದ್ದುವ ದಾರಿಯೂ ಮುಚ್ಚಿತು. ಒಂದೊಂದು ಕಂಬವನ್ನೂ ಹತ್ತಿ, ಮುಚ್ಚಳ ಬಿಚ್ಚಿ, ತಂತಿ ಚುಚ್ಚಿಯೇ ಬದಲಿಸಬೇಕು. ಭಾವ ಬಿಡುವಾದಾಗಲೆಲ್ಲ ಹತ್ತಿ ಮೂವತ್ತೊಂದನ್ನು ಮುಗಿಸಿದ್ದ. ಎಂಬತ್ತಮೂರು ಉಳಿದಿದ್ದವು. ಗುಂಪಿನ ಪಟ್ಟಿ ಮಾತ್ರ ಅರವತ್ತು, ಅರವತ್ತೈದು, ಎಪ್ಪತ್ತು ಎಂದು ಬಯಲನ್ನು ಉಳುತ್ತ ಬರುತ್ತಿತ್ತು. ಒಂದೊಂದು ನಂಬರು ಕೊಟ್ಟಾಗಲೂ ಅವಳು ಉಳಿದ ಕಂಬಗಳನ್ನು ಮತ್ತೆ ಎಣಿಸುತ್ತಿದ್ದಳು.

ಇಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ಎಂಟು ವರ್ಷದ ಹಿಂದೆ ಗುಂಪು ತನ್ನ ನಿಯಮಗಳನ್ನು ಬರೆದಾಗ ಅದರಲ್ಲೊಂದು ಪ್ಯಾರಾ ಸೇರಿಸಿತು: ಕೇಳದೆ ಯಾವ ನಂಬರನ್ನೂ ಯಾರೂ ಬಳಸಬಾರದು, ಬಳಸಿದ್ದರಿಂದ ಮುಂದೊಂದು ದಿನ ಜಾಲ ಮುರಿದುಬಿದ್ದರೆ ಹೊಣೆ ಬಳಸಿದವರದೇ. ಆ ಪ್ಯಾರಾ ಬರೆದವರು ಇಬ್ಬರು. ಒಬ್ಬಳು ಈಗಿನ ಅಧ್ಯಕ್ಷೆ, ಇನ್ನೊಬ್ಬಳು ಪಟ್ಟಿಯಕ್ಕ. ಬರೆಯುವಾಗ ಅವಳು ಒಂದು ಪದಕ್ಕೂ ತಡವರಿಸಿರಲಿಲ್ಲ. ಅದೇ ಅವಳಿಗೆ ಇವತ್ತಿಗೂ ಆಶ್ಚರ್ಯ.

"ಎಪ್ಪತ್ನಾಲ್ಕು ತಗೊಳ್ಳಿ ಅಂದ್ಬಿಡು," ಎಂದ ಭಾವ.

"ಯಾಕೆ ಅಂತ ಕೇಳ್ತಾರೆ. ನಂಬರು ಸಾಲಾಗಿಯೇ ಕೊಡ್ಬೇಕು ಅಂತ ಹಟ ಹಿಡಿದು ಬರೆಸಿದವಳೂ ನಾನೇ."

"ಅಪಶಕುನದ ನಂಬರು ಅನ್ನು."

"ಅವರೆಲ್ಲ ಎಂಜಿನಿಯರುಗಳು ಭಾವ."

"ಹಂಗಾದ್ರೆ ಇನ್ನೂ ಬೇಗ ನಂಬ್ತಾರೆ," ಎಂದು ಅವನು ಒಂದು ತೊಳೆ ಅವಳ ಕೈಗಿಟ್ಟ. ಅವಳು ಅದನ್ನು ಹಿಡಿದುಕೊಂಡೇ ನಿಂತಳು, ತಿನ್ನಲಿಲ್ಲ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಬೆಟ್ಟದ ಊರಿನಿಂದ ಅತ್ತೆ. ಅತ್ತೆಗೆ ಫೋನೆಂದರೆ ಇನ್ನೂ ಕಣಿವೆಯ ಆಚೆ ದಡದವರನ್ನು ಕೂಗುವ ಸಾಧನವೇ. ಕಿವಿಯಿಂದ ಒಂದು ಗೇಣು ದೂರ ಹಿಡಿದರೂ ಭಾವನಿಗೆ ಕೇಳಿಸುತ್ತಿತ್ತು.

"ಡಾಕ್ಟ್ರು ಪರದೆಯಲ್ಲಿ ಬಂದಿದ್ರು ಕಣೇ! ಕಾಲು ಎತ್ತಿ ತೋರಿಸಿದೆ. ಗಾಯ ಕಟ್ಟಿಕೊಳ್ತಾ ಇದೆ ಅಂದ್ರು. ನರ್ಸಮ್ಮ ಹೇಳ್ತಾಳೆ, ಈ ಡಾಕ್ಟ್ರನ್ನ ನೇರ ನೋಡ್ಬೇಕಾದ್ರೆ ಐದು ತಾಸು ಬಸ್ಸಂತೆ. ನಾನು ಹೇಳ್ದೆ, ನನ್ನ ಸೊಸೆ ತಂತಿ ಎಳೆದಿದ್ದಾಳೆ, ನನಗ್ಯಾಕೆ ಬಸ್ಸು ಅಂತ. ನಿಮ್ಮದು ಮುಗೀತಾ? ಎರಡು ದಿನದಿಂದ ಅದೇನು ಮಾತಾಡ್ತೀರಿ?"

"ಮುಂದೆ ಏನು ಕೆಲಸ ಮಾಡ್ಬೇಕು ಅಂತ ಮಾತಾಡ್ತೀವಿ ಅತ್ತೆ."

"ಮಾತಾಡೋ ಹೊತ್ತಿಗೆ ಮಾಡಿದ್ರೆ ಮುಗಿದೇ ಹೋಗ್ತಿತ್ತಲ್ಲ," ಎಂದು ಅತ್ತೆ ಫೋನು ಇಟ್ಟರು.

ಭಾವ ನಗಲು ಬಾಯಿ ತೆರೆದವನು ಅವಳ ಮುಖ ನೋಡಿ ಮುಚ್ಚಿಕೊಂಡ. ಕೊಕ್ಕರೆ ಮೇಷ್ಟ್ರ ಚೀಟಿ ಎಪ್ಪತ್ತಮೂರರ ಹೆಸರಿನಲ್ಲಿ ಲೋಕ ಸುತ್ತಲು ಹೊರಟ ದಿನ ಅದು ಬೆಟ್ಟಕ್ಕೂ ಬರುತ್ತದೆ. ಎಂಬತ್ತಮೂರು ಪೆಟ್ಟಿಗೆಗಳು ಅದನ್ನು ತಮ್ಮದೇ ಚೀಟಿ ಎಂದು ಓದಲು ಹೋಗಿ, ಅರ್ಥವಾಗದೆ, ಒಂದರ ಮುಖ ಒಂದು ನೋಡದೆ ಕೂರುತ್ತವೆ. ಆಗ ಅತ್ತೆ ಕಾಲೆತ್ತಿ ತೋರಿಸುವುದು ಕಪ್ಪು ಪರದೆಗೆ.

"ಒಂದು ದಾರಿ ಇದೆ," ಎಂದಳು ಪಟ್ಟಿಯಕ್ಕ ನಿಧಾನವಾಗಿ. "ಮೇಷ್ಟ್ರ ಕೆಲಸಾನೇ ಈ ಸಲದ ಕೆಲಸಗಳ ಪಟ್ಟಿಗೆ ಬೇಡ ಅಂತ ವಾದ ಮಾಡ್ಬಹುದು. ಎರಡು ವರ್ಷ ಮುಂದಕ್ಕೆ ಹೋಗುತ್ತೆ. ಅಷ್ಟರಲ್ಲಿ ನೀವು..."

"ಎಂಬತ್ತಮೂರು ಕಂಬ," ಎಂದ ಭಾವ. ಸಿಪ್ಪೆಯನ್ನು ವ್ಯಾನಿನ ಮೂಲೆಗೆ ಎಸೆದು, "ಆ ಮೇಷ್ಟ್ರ ಕೆಲಸ ಕೆಟ್ಟದ್ದಾ?" ಎಂದು ಕೇಳಿದ.

"ಒಳ್ಳೇದು," ಎಂದು ಅವಳು ಮೆಟ್ಟಿಲು ಹತ್ತಿದಳು.

ಕೊಕ್ಕರೆ ಮೇಷ್ಟ್ರು ತಾಂತ್ರಿಕ ಶಾಲೆಯೊಂದರ ಉಪಾಧ್ಯಾಯರು. ಉದ್ದ ಕೊರಳು, ಉದ್ದ ಕಾಲು, ಮಾತಾಡುವಾಗ ಒಂದು ಕಾಲನ್ನು ಇನ್ನೊಂದರ ಹಿಂದೆ ಮಡಿಚಿ ನಿಲ್ಲುವ ಚಾಳಿ. ಹೆಸರಿಟ್ಟವರ ತಪ್ಪೇನೂ ಇರಲಿಲ್ಲ. ಹೋದ ವರ್ಷ ಎಲ್ಲೋ ಒಂದು ಪುಟ್ಟ ಜಾಲ ಕೈತಪ್ಪಿ "ಎಲ್ಲರೂ ನನ್ನ ಮೂಲಕವೇ ಹೋಗಿ" ಎಂದು ಸುದ್ದಿ ಹಬ್ಬಿಸಿ, ಅರ್ಧ ಲೋಕದ ಓಡಾಟವೆಲ್ಲ ಅದರ ಇಕ್ಕಟ್ಟಿನ ಓಣಿಗೆ ನುಗ್ಗಿ ದಿನವಿಡೀ ಕಟ್ಟಿಕೊಂಡಿತ್ತು. ಮೇಷ್ಟ್ರ ಚೀಟಿ ಅದಕ್ಕೆ ಔಷಧ. "ಈ ದಾರಿಯ ಸುದ್ದಿ ನಿನಗೆ ಮಾತ್ರ, ಮುಂದೆ ಹೇಳಬೇಡ" ಎನ್ನುವ ಚೀಟಿ. ಮೂರು ವರ್ಷದಿಂದ ರಜೆಯಲ್ಲೆಲ್ಲ ಕೂತು ಬರೆದಿದ್ದರು. ತಿದ್ದಿ ಎಂದವರಿಗೆಲ್ಲ ತಿದ್ದಿ ಕೊಟ್ಟಿದ್ದರು.

ಬಿಡುವು ಮುಗಿದು ಎಲ್ಲರೂ ಕೂತರು. ಸಭೆಯಲ್ಲಿ ಮಾತಾಡಬೇಕೆಂದರೆ ನಡುವಿನ ಹಾದಿಯ ಮೈಕಿನ ಮುಂದೆ ಸಾಲಿನಲ್ಲಿ ನಿಲ್ಲಬೇಕು. ದೊಡ್ಡ ಕಂಪನಿಯವನಿಗೂ ಅದೇ ಸಾಲು, ಮೇಷ್ಟ್ರಿಗೂ ಅದೇ ಸಾಲು. ಮೇಷ್ಟ್ರು ಕಾಲು ಮಡಿಚಿಕೊಂಡು ತಮ್ಮ ಕೆಲಸವನ್ನು ಹತ್ತು ನಿಮಿಷದಲ್ಲಿ ಹೇಳಿ ಮುಗಿಸಿದರು. "ಇಷ್ಟೇ. ಪಟ್ಟಿಗೆ ಸೇರಿಸಿಕೊಂಡರೆ ಉಪಕಾರ," ಎಂದು ಮಾತು ಮುಗಿಸಿ ಬೆವರು ಒರೆಸಿಕೊಂಡರು.

ಪಟ್ಟಿಯಕ್ಕ ಎದ್ದು ಮೈಕಿನ ಮುಂದೆ ನಿಂತಾಗ ಕೋಣೆಯ ಗುಸುಗುಸು ನಿಂತಿತು. ಅವಳು ಸುಮ್ಮನೆ ಏಳುವವಳಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

"ಕೆಲಸ ಒಳ್ಳೇದೇ," ಎಂದು ಶುರು ಮಾಡಿದಳು. "ಆದ್ರೆ ಹಳೇ ಪೆಟ್ಟಿಗೆಗಳ ನೆನಪು ಸಣ್ಣದು. ಪ್ರತಿ ದಾರಿಗೂ ಇನ್ನೊಂದು ಚೀಟಿ ಅಂದ್ರೆ ಲಕ್ಷಗಟ್ಟಲೆ ಚೀಟಿ. ಇದನ್ನ ಯಾರೂ ಅಳೆದು ನೋಡಿಲ್ಲ. ಅಳೆಯೋವರೆಗೂ, ಅಂದ್ರೆ ಇನ್ನೊಂದು ಎರಡು ವರ್ಷ, ಇದು ಪಟ್ಟಿಗೆ ಬೇಡ ಅಂತ ನನ್ನ ಅಭಿಪ್ರಾಯ."

ಒಂದೊಂದು ಮಾತೂ ಸುಳ್ಳಾಗಿರಲಿಲ್ಲ. ಹಳೆಯ ಪೆಟ್ಟಿಗೆಗಳ ನೆನಪು ಸಣ್ಣದೇ. ಆದರೆ ಅದು ಇಷ್ಟು ದೊಡ್ಡ ಕೆಲಸವನ್ನು ತಡೆಯುವಷ್ಟು ದೊಡ್ಡ ಮಾತಲ್ಲವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಕೋಣೆಯಲ್ಲಿರಲಿಲ್ಲ. ಯಾರಾದರೂ ಎದ್ದು "ಅದೇನು ಮಹಾ ಅಕ್ಕ" ಎಂದು ಮುರಿಯಬಹುದು ಎಂದುಕೊಂಡಿದ್ದಳು. ಒಳಗೊಳಗೆ ಅದಕ್ಕೇ ಕಾದಳೋ ಏನೋ. ಯಾರೂ ಏಳಲಿಲ್ಲ. ಸಾಲಿನಲ್ಲಿ ಅವಳ ಹಿಂದೆ ನಿಂತಿದ್ದ ಇಬ್ಬರು "ಅಕ್ಕ ಹೇಳಿದ ಮೇಲೆ ಇನ್ನೇನು" ಎಂದು ಹೋಗಿ ಕೂತರು.

ಅಧ್ಯಕ್ಷೆ ಹುಬ್ಬು ಗಂಟಿಕ್ಕಿ ಕಾಗದ ನೋಡಿದಳು. "ಸರಿ, ಕೇಳಿಬಿಡ್ತೀನಿ. ಇದನ್ನ ಈ ಸಲದ ಪಟ್ಟಿಯಿಂದ ಬಿಡೋಣ ಅನ್ನೋರು ಹೂಂಗುಟ್ಟಿ."

ಈ ಗುಂಪಿನಲ್ಲಿ ಕೈ ಎತ್ತಿ ಎಣಿಸುವ ಪದ್ಧತಿಯಿಲ್ಲ. ಒಪ್ಪಿಗೆಯಿರುವವರು ಬಾಯಿ ಮುಚ್ಚಿಕೊಂಡೇ ಹೂಂ ಎನ್ನಬೇಕು. ಯಾರು ಅಂದರು, ಯಾರು ಅನ್ನಲಿಲ್ಲ ಎಂದು ಯಾರೂ ನೋಡುವಂತಿಲ್ಲ. ಸದ್ದಿನ ತೂಕವನ್ನು ಅಧ್ಯಕ್ಷೆ ಕಿವಿಯಲ್ಲೇ ಅಳೆಯುತ್ತಾಳೆ. ಹೂಂಕಾರ ಎದ್ದಿತು. ಮೊದಲು ಮುಂದಿನ ಸಾಲು, ಆಮೇಲೆ ಹಿಂದಿನವು, ಆಮೇಲೆ ಕಿಟಕಿಯ ಬಳಿ ನಿಂತವರು. ಜೇನುಗೂಡಿಗೆ ಕಿವಿಯಿಟ್ಟ ಹಾಗೆ ಇಡೀ ಕೋಣೆ ತುಂಬಿತು. ಮರದ ನೆಲದ ಮೂಲಕ ಅದು ಪಟ್ಟಿಯಕ್ಕನ ಅಂಗಾಲಿಗೆ ಏರಿತು. ಇಪ್ಪತ್ತು ವರ್ಷದಲ್ಲಿ ಅವಳು ಅಷ್ಟು ದೊಡ್ಡ ಹೂಂಕಾರ ಕೇಳಿರಲಿಲ್ಲ. ಅದು ಅವಳ ಮಾತಿಗಲ್ಲ, ಅವಳಿಗೆ ಬಂದ ಹೂಂಕಾರ.

"ಬಿಡಬಾರದು ಅನ್ನೋರು?"

ಒಂದೆರಡು ತೆಳ್ಳನೆಯ ಸದ್ದು. ಮೇಷ್ಟ್ರದ್ದು ಅದರಲ್ಲಿ ಇರಲಿಲ್ಲ. ಅವರು ಮಂಡಿಯ ಮೇಲಿದ್ದ ಕಾಗದದ ಕಟ್ಟನ್ನು ಅಂಚು ಕೂಡಿಸಿ, ನಡುವೆ ಮಡಚಿ, ಚೀಲಕ್ಕೆ ಸೇರಿಸುತ್ತಿದ್ದರು. ಪಟ್ಟಿಯಕ್ಕ ತನ್ನ ಜಾಗಕ್ಕೆ ಹೋಗಲು ಅವರನ್ನು ದಾಟಬೇಕಿತ್ತು. ದಾಟುವಾಗ ಅವರು ತಲೆಯೆತ್ತಿ ನಕ್ಕರು.

"ಪರವಾಗಿಲ್ಲ ಅಕ್ಕ. ಅಳೀಬೇಕಿತ್ತು ನಾನು, ಹೊಳೀಲಿಲ್ಲ. ನೀವು ನೋಡಿ ಹೇಳಿದ್ರಲ್ಲ, ಒಳ್ಳೇದಾಯ್ತು."

ಆ ನಗೆಯಲ್ಲಿ ಚುಚ್ಚು ಇದ್ದಿದ್ದರೆ ಅವಳು ಹೋಗಿ ಕೂತುಬಿಡುತ್ತಿದ್ದಳು. ಇರಲಿಲ್ಲ. ಮನುಷ್ಯ ನಿಜವಾಗಿಯೇ ಕೃತಜ್ಞನಾಗಿದ್ದ. ಹಲಗೆಯ ಬಳಿ ಅಧ್ಯಕ್ಷೆ ಬಟ್ಟೆಯ ಉಂಡೆ ಎತ್ತಿಕೊಂಡು ಮೊದಲನೆಯ ಸಾಲು ಒರೆಸಲು ಕೈಯೆತ್ತಿದ್ದಳು.

"ತಡಿ," ಎಂದಳು ಪಟ್ಟಿಯಕ್ಕ.

ಮೈಕಿಲ್ಲದೆ ಅಂದದ್ದು ಮುಂದಿನವರಿಗಷ್ಟೇ ಕೇಳಿಸಿತು. ಅವಳು ತಿರುಗಿ ಬಂದು ಮೈಕು ಹಿಡಿದಳು. ಹಿಡಿದ ಕೈಯಲ್ಲಿ ಕಿತ್ತಳೆಯ ತೊಳೆ ಹಾಗೆಯೇ ಇತ್ತು, ಹಿಸುಕಿಹೋಗಿ ರಸ ಮಣಿಕಟ್ಟಿಗೆ ಇಳಿಯುತ್ತಿತ್ತು. ಅದನ್ನು ಎಲ್ಲಿಡಬೇಕೋ ತಿಳಿಯದೆ ಬಾಯಿಗೆ ಹಾಕಿಕೊಂಡಳು. ಕೋಣೆಯೆಲ್ಲ ಅವಳು ನುಂಗುವವರೆಗೆ ಕಾಯಿತು.

"ನಾನು ಹೇಳಿದ್ದು ನೆಪ," ಎಂದಳು. "ಹಳೇ ಪೆಟ್ಟಿಗೆಗಳಿಗೆ ಅಷ್ಟೇನೂ ಭಾರ ಆಗೋದಿಲ್ಲ. ನನಗೆ ಬೇಡವಾಗಿರೋದು ಮೇಷ್ಟ್ರ ಕೆಲಸ ಅಲ್ಲ, ಆ ನಂಬರು. ಎಪ್ಪತ್ತಮೂರನ್ನ ನಾನು ಬಳಸ್ತಾ ಇದ್ದೀನಿ. ನಮ್ಮ ಬೆಟ್ಟದಲ್ಲಿ. ಹನ್ನೊಂದು ವರ್ಷದಿಂದ. ಯಾರನ್ನೂ ಕೇಳದೆ ತಗೊಂಡೆ. ಇನ್ನೂ ಎಂಬತ್ತಮೂರು ಪೆಟ್ಟಿಗೆಯಲ್ಲಿ ಇದೆ. ಅದನ್ನ ಮೇಷ್ಟ್ರಿಗೆ ಕೊಟ್ರೆ ನಲವತ್ತೆರಡು ಹಳ್ಳಿ ಬಿದ್ದುಹೋಗುತ್ತೆ. ಹೇಳೋಕೆ ನಾಚಿಕೆ ಆಯ್ತು. ಅದಕ್ಕೆ ಅವರ ಮೂರು ವರ್ಷದ ಕೆಲಸ ಬಲಿ ಕೊಡೋಕೆ ಹೊರಟೆ."

ಕಿಟಕಿಯ ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ತುಂಬುತ್ತಿದ್ದರು. ಅದರ ಪುಸ್ ಪುಸ್ ಸದ್ದು ಒಂದೇ ಸಮನೆ ಬರುತ್ತಿತ್ತು.

ಅಧ್ಯಕ್ಷೆ ಬಟ್ಟೆಯ ಉಂಡೆಯನ್ನು ಮೆಲ್ಲಗೆ ಕೆಳಗಿಟ್ಟಳು. "ಹನ್ನೊಂದು ವರ್ಷ?"

"ಹನ್ನೊಂದು."

"ಹಂಗಾದ್ರೆ ಆ ಪ್ಯಾರಾ ಬರೆಯುವಾಗ..." ಸಭೆಯ ಮರ್ಯಾದೆ ಮರೆತು ಅಧ್ಯಕ್ಷೆಯ ದನಿ ಹಳೆಯ ಗೆಳತಿಯ ದನಿಯಾಯಿತು. "ನನ್ನ ಪಕ್ಕ ಕೂತು ನೀನೇ ಹೇಳಿ ಬರೆಸಿದ್ದಲ್ಲೇ ಅದನ್ನ! 'ಹೊಣೆ ಬಳಸಿದವರದೇ' ಅನ್ನೋದು ಇರಲೇಬೇಕು ಅಂತ ಅರ್ಧ ದಿನ ಜಗಳ ಆಡಿದ್ದೆ!"

"ಆಡಿದ್ದೆ. ಆಗ್ಲೂ ಓಡ್ತಾ ಇತ್ತು."

ಹಿಂದಿನ ಸಾಲಿನಲ್ಲಿ ಯಾರೋ ತಡೆಯಲಾರದೆ ಕಿಸಕ್ಕೆಂದರು. ಆ ಒಂದು ಸದ್ದಿಗೆ ಕಟ್ಟೆಯೊಡೆಯಿತು. ಆದರೆ ಅದು ಪಟ್ಟಿಯಕ್ಕ ಹೆದರಿದ್ದ ನಗೆಯಾಗಿರಲಿಲ್ಲ. ಅವಳು ಮೈಕಿನ ಕಂಬ ಹಿಡಿದುಕೊಂಡು, ತಾನೂ ನಗಬಹುದೋ ಇಲ್ಲವೋ ಎಂದು ತಿಳಿಯದೆ ನಿಂತಿದ್ದಳು. ನಗೆ ಇಳಿಯುವ ಹೊತ್ತಿಗೆ ಅವಳ ಹಿಂದೆ ಯಾರೋ ಕೆಮ್ಮಿದರು. ತಿರುಗಿ ನೋಡಿದರೆ ಪೆಟ್ಟಿಗೆ ಮಾಡುವ ದೊಡ್ಡ ಕಂಪನಿಯೊಂದರ ಮೀಸೆಯವನು, ಸಾಲಿನ ಶಿಸ್ತಿನಲ್ಲಿ ಎರಡು ಹೆಜ್ಜೆ ಹಿಂದೆ ನಿಂತಿದ್ದ.

"ಅಕ್ಕ ಮುಗಿಸಿದ್ರೆ ನಂದೊಂದು," ಎಂದು ಅವನು ಮೈಕಿಗೆ ಬಗ್ಗಿದ. "ಎಪ್ಪತ್ತೇಳು. ಅದು... ನಮ್ಮದು. ಪರೀಕ್ಷೆಗೆ ಅಂತ ಹಾಕಿದ್ದು, ತೆಗೆಯೋಕೆ ಮರೆತು ಪೆಟ್ಟಿಗೆ ಮಾರಾಟ ಆಗಿಹೋಯ್ತು. ಎಷ್ಟು ಅಂತ ಕೇಳ್ಬೇಡಿ."

"ಎಷ್ಟು?" ಎಂದಳು ಅಧ್ಯಕ್ಷೆ.

"ನಲವತ್ತು ಸಾವಿರ."

ಈ ಸಲ ನಗೆ ಚಾವಣಿಗೆ ಬಡಿಯಿತು. ಮೀಸೆಯವನ ಹಿಂದೆ ಬಂದರಿನ ಜಾಲ ನೋಡಿಕೊಳ್ಳುವ ಹೆಂಗಸೊಬ್ಬಳು ಬಂದು ನಿಂತಳು. ಅವಳದು ಎಪ್ಪತ್ತೈದು. "ನಿಮ್ಮ ನಲವತ್ತು ಸಾವಿರದ ಮುಂದೆ ನನ್ನದು ಏನೂ ಅಲ್ಲ, ಆದ್ರೂ ಹೇಳ್ಕೊಂಡ್ರೆ ನಿದ್ದೆ ಬರುತ್ತೆ," ಎಂದಳು. ಅಧ್ಯಕ್ಷೆ ಹಲಗೆಯ ಮೂಲೆಯಲ್ಲಿ ಒಂದೊಂದನ್ನೇ ಬರೆದುಕೊಂಡಳು. ಬರೆಯುತ್ತ ಬರೆಯುತ್ತ ಅವಳ ಮುಖದ ಗಂಟು ಸಡಿಲಾಯಿತು, ಮತ್ತೇನೋ ಯೋಚನೆ ಬಂದು ಕೂತಿತು.

"ಮೇಷ್ಟ್ರೇ," ಎಂದಳು ಕಡೆಗೆ. "ಎಪ್ಪತ್ನಾಲ್ಕು ನಿಮಗೆ ಆಗುತ್ತಾ? ಅದನ್ನ ಸದ್ಯಕ್ಕೆ ಯಾರೂ ಒಪ್ಪಿಕೊಂಡಿಲ್ಲ."

ಮೇಷ್ಟ್ರು ಎದ್ದು ನಿಂತರು. ಕಾಲು ತನ್ನಷ್ಟಕ್ಕೇ ಮಡಿಚಿಕೊಂಡಿತು. "ನನಗೆ ಯಾವ ನಂಬರಾದ್ರೂ ಒಂದೇ. ಒಳಗಿನ ಮಾತು ಮುಖ್ಯ," ಎಂದರು. ಆಮೇಲೆ ಪಟ್ಟಿಯಕ್ಕನ ಕಡೆ ತಿರುಗಿ, "ಆದ್ರೆ ಅಕ್ಕ, ಹಳೇ ಪೆಟ್ಟಿಗೆ ನೆನಪಿನ ವಿಷಯ ನಾನು ಅಳೀತೀನಿ. ನೆಪ ಇರಬಹುದು, ಒಳ್ಳೆ ನೆಪ."

ಎಪ್ಪತ್ತಮೂರರ ಸುತ್ತಲಿನ ಗೆರೆಗೆ ಅಡ್ಡಡ್ಡ ಗೀಟು ಬಿದ್ದು ಪಕ್ಕದಲ್ಲಿ "ಯಾರಿಗೂ ಕೊಡಬಾರದು" ಎಂಬ ಮಾತು ಸೇರಿತು. ಮೇಷ್ಟ್ರ ಕೆಲಸದ ಮುಂದೆ ಎಪ್ಪತ್ತನಾಲ್ಕು ಬಂತು. ಹೂಂಗುಟ್ಟಿ ಎಂದಾಗ ಎದ್ದ ಸದ್ದು ಮೊದಲಿನಷ್ಟು ದೊಡ್ಡದಾಗಿರಲಿಲ್ಲ. ಅರ್ಧ ಜನ ಇನ್ನೂ ನಗುತ್ತಿದ್ದರು, ನಗುತ್ತ ಹೂಂಗುಟ್ಟಲು ಬರುವುದಿಲ್ಲ. ಅದರ ಕೆಳಗೆ ಅಧ್ಯಕ್ಷೆ ಎರಡನೆಯ ಕೆಲಸ ಬರೆದಳು: ಕೇಳದೆ ಬಳಸಿದ ನಂಬರುಗಳ ಹುಡುಕಾಟ. ಪತ್ತೆಯಾದವಕ್ಕೆ ಬೇಲಿ ಹಾಕಿ ಬಿಡುವುದು. ತಾನಾಗಿ ಬಂದು ಹೇಳಿದವರ ಹೆಸರು ಎಲ್ಲೂ ಬರೆಯುವುದಿಲ್ಲ.

"ಹುಡುಕಿ ಪಟ್ಟಿ ಬರೆಯೋರು ಯಾರು?" ಎಂದು ಯಾರೋ ಕೇಳಿದರು.

"ಪಟ್ಟಿಯಕ್ಕ," ಎಂದಳು ಅಧ್ಯಕ್ಷೆ. "ಇಷ್ಟು ಅನುಭವ ಬೇರೆ ಯಾರಿಗಿದೆ?"

ಊಟದ ಬಿಡುವಿನಲ್ಲಿ ಪಟ್ಟಿಯಕ್ಕ ಕಿಟಕಿಯ ಪಕ್ಕದ ಮೇಜಿಗೆ ಬಂದು ಕೂತಳು. ಹೊಟ್ಟೆ ಹಸಿದಿತ್ತು. ಹೀಗೆ ಬಾಯಲ್ಲಿ ನೀರೂರುವ ಹಸಿವು ಬಂದು ಎಷ್ಟು ವರ್ಷವಾಗಿತ್ತೋ. ಭಾವ ಎರಡು ತಟ್ಟೆ ಹಿಡಿದು ಬಂದ. ಮಹಡಿಯ ಸುದ್ದಿ ಅವನಿಗೆ ಅಡುಗೆಯವರಿಂದಲೇ ತಲುಪಿತ್ತು.

"ಗಲ್ಲಿಗೆ ಹಾಕ್ಲಿಲ್ಲವಂತೆ," ಎಂದ.

"ಇಲ್ಲ. ಕೆಲಸ ಕೊಟ್ರು."

"ಎರಡೂ ಒಂದೇ," ಎಂದು ಅವನು ಕೂತು, ತುತ್ತು ಬಾಯಿಗಿಟ್ಟು, ಅದೇ ಬಾಯಲ್ಲಿ ಲೆಕ್ಕ ಹಾಕತೊಡಗಿದ. "ಅವಸರ ಇಲ್ಲ ಅಂದ್ರೆ ವಾರಕ್ಕೆ ಒಂದು ಕಂಬ. ಗಾಳಿ ತಿಂಗಳು ಬಿಟ್ರೂ ಎರಡು ವರ್ಷಕ್ಕೆ ಮುಗಿಯುತ್ತೆ. ಮುಗಿದ ಮೇಲೆ ನಾನು ಏನು ಮಾಡ್ಲಿ? ಅದು ಹೇಳು ಮೊದಲು."

ಅವಳು ಉತ್ತರ ಕೊಡುವ ಮೊದಲೇ ಮೇಜಿನ ಪಕ್ಕ ನೆರಳು ಬಿತ್ತು. ಕನ್ನಡಕದ ಮನುಷ್ಯನೊಬ್ಬ, ಸಭೆಯಲ್ಲಿ ಒಂದು ದಿನವೂ ಬಾಯಿ ಬಿಡದವನು, ತಟ್ಟೆ ಹಿಡಿದುಕೊಂಡು ಬಗ್ಗಿದ. "ಅಕ್ಕ, ಮೈಕಿನಲ್ಲಿ ಹೇಳೋಕೆ ಆಗ್ಲಿಲ್ಲ. ಎಂಬತ್ತೆರಡು. ನಮ್ಮ ಮಾಲೀಕರಿಗೂ ಗೊತ್ತಿಲ್ಲ." ಅವಳು ಕಾರ್ಯಕ್ರಮದ ಹಾಳೆಯನ್ನು ಬೋರಲು ಹಾಕಿ ಹಿಂಬದಿಯಲ್ಲಿ ಎಂಬತ್ತೆರಡು ಎಂದು ಬರೆದುಕೊಂಡಳು. ಹೆಸರು ಬರೆಯಲಿಲ್ಲ. ಅವನು ಇನ್ನೂ ಅಲ್ಲೇ ನಿಂತಿದ್ದ. "ಅಷ್ಟೇನಾ?" ಎಂದ.

"ಅಷ್ಟೇ. ಊಟ ಮಾಡಿ ಹೋಗಿ."

ಅವನ ಹಿಂದೆ ಇನ್ನಿಬ್ಬರಿದ್ದರು. ಅವರ ಹಿಂದೆ ಮತ್ತೊಬ್ಬ. ಒಬ್ಬನದು ಒಂದೇ ನಂಬರು, ಇನ್ನೊಬ್ಬಳದು ಮೂರು. ಒಬ್ಬ ತನ್ನದಲ್ಲ, ತನ್ನ ಗೆಳೆಯನದು ಎಂದು ಶುರುಮಾಡಿ, ಗೆಳೆಯನ ಜಾಲದ ಮೂಲೆಮೂಲೆಯನ್ನೂ ಕಣ್ಣಾರೆ ಕಂಡಂತೆ ವಿವರಿಸಿದ. ಭಾವ ಅವನ ಮುಖವನ್ನೂ ಅವಳ ಮುಖವನ್ನೂ ನೋಡುತ್ತ, "ನಿಮ್ಮ ಗೆಳೆಯನಿಗೆ ಒಳ್ಳೇದಾಗ್ಲಿ," ಎಂದು ಹಾರೈಸಿದ. ಅವರವರ ಮಾತು ಮುಗಿದವರು ಹಣ್ಣಿನ ಮೇಜಿನ ಕಡೆ ಹೋಗಿ, ಹಗುರಾಗಿ, ಜೋರಾಗಿ ಮಾತಾಡುತ್ತಿದ್ದರು. ಪಟ್ಟಿಯಕ್ಕನ ತಟ್ಟೆ ಆರುತ್ತಿತ್ತು. ಎಡಗೈಯಲ್ಲಿ ಬರೆಯುತ್ತ ಬಲಗೈಯಲ್ಲಿ ತಿನ್ನುವುದನ್ನು ಅವಳು ಬೇಗ ಕಲಿತಳು.

ಹಾಳೆ ತುಂಬುತ್ತ ಬಂದಾಗ ತಲೆಯೆತ್ತಿ ಇನ್ನೆಷ್ಟು ಜನವಿದ್ದಾರೆ ಎಂದು ನೋಡಿದಳು. ಸಾಲು ಬಾಗಿಲವರೆಗೆ ಹೋಗಿತ್ತು. ಅದರ ಕೊನೆಯಲ್ಲಿ ಅಧ್ಯಕ್ಷೆ ನಿಂತಿದ್ದಳು. ಕೈಯಲ್ಲಿ ಹಲಗೆಯ ಪೆನ್ನು, ಕಣ್ಣು ಕಿಟಕಿಯ ಹೊರಗೆ, ಯಾರಿಗೋ ಕಾಯುತ್ತಿರುವವಳ ಹಾಗೆ. ಆಗ ತಾನೇ ಬಂದ ಒಬ್ಬನು ಅವಳ ಹಿಂದೆ ನಿಲ್ಲಲು ಹೋದ. ಅವಳು ಪಕ್ಕಕ್ಕೆ ಸರಿದು, ನೀವು ಮುಂದೆ ಹೋಗಿ ಎಂದು ಕೈ ತೋರಿಸಿದಳು. ಅವನ ನಂತರ ಇನ್ನೊಬ್ಬಳು ಬಂದಳು. ಅವಳಿಗೂ ಜಾಗ ಬಿಟ್ಟಳು.

ಪಟ್ಟಿಯಕ್ಕ ತಟ್ಟೆಯನ್ನು ಭಾವನ ಕಡೆ ಸರಿಸಿದಳು. ಅವನ ಜೇಬಿನಿಂದ ಒಂದು ಖಾಲಿ ಹಾಳೆ ಎಳೆದುಕೊಂಡು, ಮಡಿಕೆ ಬಿಡಿಸಿ, ಅಂಗೈಯಿಂದ ಮೇಜಿನ ಮೇಲೆ ನಿಧಾನವಾಗಿ ಸವರತೊಡಗಿದಳು.